ಎರಡನೆಯ ಹೆಸರನ್ನು ತೂಗುವ ಬಗೆ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಅಧ್ಯಕ್ಷೀಯ ಚುನಾವಣಾ ಕಣದಿಂದ ಜೋ ಬೈಡನ್ ಅವರು 2024ರ ಜುಲೈ 21ರಂದು ಹಿಂದೆ ಸರಿದ ಮೇಲೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಕಮಲಾ ಹ್ಯಾರಿಸ್ ಅವರ ಪಾಲಿಗೆ ಬಂದಿದೆ. ಉಪಾಧ್ಯಕ್ಷ ಸ್ಥಾನಕ್ಕೆ ಅವರು ಯಾರನ್ನು ಜೊತೆಗೆ ನಿಲ್ಲಿಸಿಕೊಳ್ಳುತ್ತಾರೆ ಎಂಬ ಚರ್ಚೆ ಎರಡು ವಾರಗಳಿಂದ ನಮ್ಮ ಕನ್ನಡ ಪತ್ರಿಕೆಗಳ ವಿದೇಶ ಪುಟದಲ್ಲೂ ನಡೆದಿದೆ. ಮಂಗಳವಾರ ಫಿಲಡೆಲ್ಫಿಯಾದ ಸಭೆಯಲ್ಲಿ ಇಬ್ಬರೂ ಒಟ್ಟಿಗೆ ಕಾಣಿಸಿಕೊಳ್ಳುವರೆಂದು ಪ್ರಕಟವಾಗಿರುವುದರಿಂದ ಈ ಪತ್ರ ಅಚ್ಚಾಗುವ ಹೊತ್ತಿಗೆ ಹೆಸರು ಹೊರಬಿದ್ದಿರಲೂಬಹುದು. ಹೆಸರು ಯಾವುದೇ ಇರಲಿ, ಅದನ್ನು ತೂಗುತ್ತಿರುವ ಬಗೆಯಲ್ಲಿ ನನಗೆ ತಕರಾರಿದೆ.

ಈಗ ನಡೆದಿರುವ ಲೆಕ್ಕಾಚಾರವೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನದು. ಪೆನ್ಸಿಲ್ವೇನಿಯಾದ ಗವರ್ನರ್ ಜೋಷ್ ಶಪಿರೊ ಬಂದರೆ ಆ ರಾಜ್ಯದ 19 ಎಲೆಕ್ಟೋರಲ್ ಮತಗಳು (ಅಧ್ಯಕ್ಷರ ಆಯ್ಕೆಯಲ್ಲಿ ರಾಜ್ಯಕ್ಕಿರುವ ಪಾಲಿನ ಮತಗಳು), ಅರಿಜೋನಾದ ಸೆನೆಟರ್ ಮಾರ್ಕ್ ಕೆಲ್ಲಿ ಬಂದರೆ ಅಲ್ಲಿನ 11, ಮಿನೆಸೋಟಾದ ಗವರ್ನರ್ ಟಿಮ್ ವಾಲ್ಜ್ ಬಂದರೆ ಗ್ರಾಮೀಣ ಬಿಳಿಯರ ಒಲವು, ಕೆಂಟಕಿಯ ಗವರ್ನರ್ ಆ್ಯಂಡಿ ಬೆಶಿಯರ್ ಬಂದರೆ ದಕ್ಷಿಣದ ಸೊಗಡು. ನಮ್ಮ ನಗರದ ಗ್ರಂಥಾಲಯದ ಪತ್ರಿಕಾ ಮೇಜಿನ ಸುತ್ತ ಕೂರುವ ಹಿರಿಯರೂ ಇದನ್ನೇ ನಮ್ಮ ಭಾಷೆಗೆ ಇಳಿಸಿಕೊಂಡು, ಮೇಲಿನವರು ಆ ಸಮುದಾಯವಾದರೆ ಕೆಳಗಿನವರು ಈ ಸಮುದಾಯದವರಿರಲಿ, ಅವರು ಆ ಭಾಗದವರಾದರೆ ಇವರು ಈ ಭಾಗದವರಿರಲಿ ಎಂದು ಉಪಮುಖ್ಯಮಂತ್ರಿ ಹುದ್ದೆ ಹಂಚುವ ಉತ್ಸಾಹದಲ್ಲಿ ಮಾತನಾಡುತ್ತಾರೆ. ಅವರದ್ದು ತಪ್ಪೆನ್ನಲಾರೆ; ಅಮೆರಿಕದ ಪಂಡಿತರು ಅಧ್ಯಕ್ಷ-ಉಪಾಧ್ಯಕ್ಷ ಅಭ್ಯರ್ಥಿಗಳ ಜೋಡಿಯ ಬಗ್ಗೆ ಟಿಕೆಟ್‌ನ ಸಮತೋಲನ ಎಂದು ಗಂಭೀರವಾಗಿ ಹೇಳುವುದೂ ಇದನ್ನೇ. ಆದರೆ ಎರಡು ಹುದ್ದೆಗಳ ನಡುವೆ ಇರುವ ವ್ಯತ್ಯಾಸ ಸಣ್ಣದಲ್ಲ. ಉಪಮುಖ್ಯಮಂತ್ರಿ ಎಂಬ ಹುದ್ದೆ ನಮ್ಮ ಸಂವಿಧಾನದಲ್ಲೇ ಇಲ್ಲ. ಮುಖ್ಯಮಂತ್ರಿ ಸ್ಥಾನ ತೆರವಾದರೆ ಶಾಸಕಾಂಗ ಪಕ್ಷ ಮತ್ತೆ ಕೂತು ನಾಯಕನನ್ನು ಆರಿಸಬೇಕು. ನಮ್ಮ ಉಪರಾಷ್ಟ್ರಪತಿಗಾದರೂ ಸಿಗುವುದು ತಾತ್ಕಾಲಿಕ ಅವಕಾಶವಷ್ಟೇ. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದ್ ಅವರು ತೀರಿಕೊಂಡಾಗ ನಮ್ಮವರೇ ಆದ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಡತಕ್ಕೆ ಸಹಿ ಹಾಕಲು ಅವರು ತುಸು ಹಿಂದೆಮುಂದೆ ನೋಡಿದ್ದು ಆಗ ದೊಡ್ಡ ಸುದ್ದಿಯೇ ಆಗಿತ್ತು. ಆದರೂ ಆರು ತಿಂಗಳೊಳಗೆ ಹೊಸ ರಾಷ್ಟ್ರಪತಿಯ ಆಯ್ಕೆ ಆಗಲೇಬೇಕೆಂಬ ನಿಯಮದಂತೆ ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿಯವರು ಬಂದರು. ಅಮೆರಿಕದಲ್ಲಿ ಇಂಥ ಆರು ತಿಂಗಳ ಗಡುವಿಲ್ಲ. ಅಧ್ಯಕ್ಷರು ಬೆಳಗ್ಗೆ ತೀರಿಕೊಂಡರೆ ಉಪಾಧ್ಯಕ್ಷರು ಅಂದೇ ಪ್ರಮಾಣವಚನ ಸ್ವೀಕರಿಸಿ, ಉಳಿದ ಅವಧಿ ಮೂರು ವರ್ಷ ಹನ್ನೊಂದು ತಿಂಗಳಿದ್ದರೂ, ಪೂರ್ಣಾಧಿಕಾರದಿಂದ ಆಳುತ್ತಾರೆ. ಈವರೆಗಿನ 49 ಉಪಾಧ್ಯಕ್ಷರಲ್ಲಿ 9 ಮಂದಿ ಹೀಗೆಯೇ ಗದ್ದುಗೆ ಏರಿದವರು: ಎಂಟು ಬಾರಿ ಅಧ್ಯಕ್ಷರ ಸಾವಿನಿಂದ, ಒಮ್ಮೆ 1974ರಲ್ಲಿ ನಿಕ್ಸನ್ ಅವರ ರಾಜೀನಾಮೆಯಿಂದ.

ಸಮತೋಲನ ಎಂಬ ಸೂತ್ರಕ್ಕೆ ನನ್ನ ಆಕ್ಷೇಪ ಹುಟ್ಟುವುದು ಇಲ್ಲಿಂದಲೇ. ಚುನಾವಣೆ ಗೆಲ್ಲುವುದಕ್ಕೆ ತಮ್ಮಂತಲ್ಲದ ವ್ಯಕ್ತಿಯನ್ನು ಹುಡುಕುವುದು ಜಾಣತನವೆನಿಸಬಹುದು. ಆದರೆ ಜನ ಮತ ಹಾಕುವುದು ಮೊದಲ ಹೆಸರಿನ ನೀತಿಗೆ; ಆ ವ್ಯಕ್ತಿ ಇಲ್ಲವಾದ ದಿನ ಅಧಿಕಾರ ಹೋಗುವುದು ಬೇಕೆಂದೇ ಭಿನ್ನವಾಗಿ ಆರಿಸಿದ ಎರಡನೆಯ ಹೆಸರಿಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂಥ ಜೋಡಿಯಲ್ಲಿ ಎತ್ತು ಬಿದ್ದುಹೋದರೆ ಗಾಡಿ ಎತ್ತ ಸಾಗೀತು ಎಂಬುದನ್ನು ಯಾರೂ ಕೇಳುತ್ತಿಲ್ಲ.

ಇದು ಬರೀ ತರ್ಕವಲ್ಲ, ಎರಡು ಸಲ ನಡೆದುಹೋದ ಸಂಗತಿ. 1840ರಲ್ಲಿ ವಿಗ್ ಪಕ್ಷದವರು ವಿಲಿಯಂ ಹೆನ್ರಿ ಹ್ಯಾರಿಸನ್ ಅವರ ಜೊತೆಗೆ ದಕ್ಷಿಣದ ಮತಗಳಿಗಾಗಿ ವರ್ಜೀನಿಯಾದ ಜಾನ್ ಟೈಲರ್ ಅವರನ್ನು ನಿಲ್ಲಿಸಿದರು. ಟೈಲರ್ ಮೂಲತಃ ಎದುರಿನ ಡೆಮಾಕ್ರಟಿಕ್ ಪಕ್ಷದಿಂದ ಬಂದವರು. ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಿಗೆ, 1841ರ ಏಪ್ರಿಲ್ 4ರಂದು, ಹ್ಯಾರಿಸನ್ ತೀರಿಕೊಂಡರು. ವಿಗ್ ಪಕ್ಷದ ಮುಖ್ಯ ಕನಸಾಗಿದ್ದ ರಾಷ್ಟ್ರೀಯ ಬ್ಯಾಂಕಿನ ಮಸೂದೆಯನ್ನು ಟೈಲರ್ ಎರಡು ಬಾರಿ ತಡೆಹಿಡಿದರು. ಡೇನಿಯಲ್ ವೆಬ್‌ಸ್ಟರ್ ಒಬ್ಬರನ್ನುಳಿದು ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟು ಹೊರನಡೆಯಿತು. ಪಕ್ಷ ತನ್ನದೇ ಅಧ್ಯಕ್ಷರನ್ನು ಉಚ್ಚಾಟಿಸಿತು. ಎರಡನೆಯದು ಇನ್ನೂ ದುಬಾರಿಯಾದದ್ದು. ಅಂತರ್ಯುದ್ಧದ ನಡುವೆ, 1864ರಲ್ಲಿ, ಹಾಲಿ ಉಪಾಧ್ಯಕ್ಷ ಹ್ಯಾನಿಬಲ್ ಹ್ಯಾಮ್ಲಿನ್ ಅವರನ್ನು ಕೈಬಿಟ್ಟು, ಟೆನ್ನೆಸ್ಸೀಯ ಡೆಮಾಕ್ರಟ್ ಆಂಡ್ರ್ಯೂ ಜಾನ್ಸನ್ ಅವರನ್ನು ರಿಪಬ್ಲಿಕನ್ನರಾದ ಲಿಂಕನ್ ಜೊತೆಗೆ ನಿಲ್ಲಿಸಲಾಯಿತು. ಅನುಭವದ ಪಟ್ಟಿ ನೋಡಿದರೆ ಜಾನ್ಸನ್ ಕಡಿಮೆಯವರೇನಲ್ಲ. ಗವರ್ನರ್, ಸೆನೆಟರ್, ಯುದ್ಧಕಾಲದ ಸೇನಾ ಆಡಳಿತಗಾರ ಎಲ್ಲವೂ ಆಗಿದ್ದವರು. ಅವರು ಉಪಾಧ್ಯಕ್ಷರಾದ ಆರು ವಾರಗಳಲ್ಲಿ ಲಿಂಕನ್ ಹತ್ಯೆಯಾಯಿತು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನರಿಗೆ ನಾಗರಿಕ ಹಕ್ಕು ಕೊಡುವ 1866ರ ಮಸೂದೆಗೆ ಜಾನ್ಸನ್ ವಿಟೋ ಹಾಕಿದರು. ಕಾಂಗ್ರೆಸ್ ಅದನ್ನು ಮೀರಿ ಕಾನೂನು ಮಾಡಬೇಕಾಯಿತು. 1868ರ ಮಹಾಭಿಯೋಗದಲ್ಲಿ ಅವರು ಉಳಿದುಕೊಂಡದ್ದು ಒಂದೇ ಒಂದು ಮತದಿಂದ. ಲಿಂಕನ್ ಅವರಿಗೆ ಮತ ಹಾಕಿದವರು ಇದಕ್ಕಾಗಿ ಮತ ಹಾಕಿರಲಿಲ್ಲ.

ಇದಕ್ಕೆ ಎದುರು ಉದಾಹರಣೆ ಇಲ್ಲವೆಂದಲ್ಲ. 1960ರಲ್ಲಿ ಕೆನಡಿ ಅವರು ತಮಗೆ ಅಷ್ಟೇನೂ ಇಷ್ಟವಿಲ್ಲದ, ಟೆಕ್ಸಸ್ ರಾಜ್ಯದ ಲಿಂಡನ್ ಜಾನ್ಸನ್ ಅವರನ್ನು ಕರೆದುಕೊಂಡರು. ಟೆಕ್ಸಸ್‌ನ 24 ಎಲೆಕ್ಟೋರಲ್ ಮತಗಳು ಸುಮಾರು 46,000 ಜನಮತಗಳ ಅಂತರದಲ್ಲಿ ಒಲಿದವು. ಮುಂದೆ ಕೆನಡಿ ಹತ್ಯೆಯಾದಾಗ ಅದೇ ಜಾನ್ಸನ್ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ದಡ ಸೇರಿಸಿದರು. ಸಮತೋಲನವಾದಿಗಳು ಅರವತ್ತು ವರ್ಷಗಳಿಂದ ಈ ಒಂದು ಉದಾಹರಣೆಯನ್ನು ನೆಚ್ಚಿಕೊಂಡಿದ್ದಾರೆ. ಆದರೆ ಆಮೇಲಿನ ಕಥೆ ನೋಡಿ: 1988ರಲ್ಲಿ ಡುಕಾಕಿಸ್ ಅವರ ಜೊತೆ ನಿಂತ ಲಾಯ್ಡ್ ಬೆಂಟ್ಸನ್ ತಮ್ಮ ತವರು ಟೆಕ್ಸಸ್ ತರಲಿಲ್ಲ, 2004ರಲ್ಲಿ ಜಾನ್ ಎಡ್ವರ್ಡ್ಸ್ ಉತ್ತರ ಕೆರೊಲಿನಾ ತರಲಿಲ್ಲ, 2012ರಲ್ಲಿ ಪಾಲ್ ರಯಾನ್ ವಿಸ್ಕಾನ್ಸಿನ್ ತರಲಿಲ್ಲ. 2000ದಲ್ಲಂತೂ ಆಲ್ ಗೋರ್ ಅಧ್ಯಕ್ಷ ಅಭ್ಯರ್ಥಿಯಾಗಿಯೇ ತಮ್ಮ ತವರು ಟೆನ್ನೆಸ್ಸೀಯನ್ನು ಕಳೆದುಕೊಂಡರು. ತವರಿನ ಮತ ತವರಿನವರಿಗೇ ಎಂಬ ನಂಬಿಕೆ ಎಷ್ಟು ಗಟ್ಟಿ ಎಂಬುದನ್ನು ಚಿಕ್ಕಮಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1978ರ ಉಪಚುನಾವಣೆಯಲ್ಲಿ ಇದೇ ರಾಜ್ಯದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಎದುರಿಗಿದ್ದರೂ, ಉತ್ತರ ಪ್ರದೇಶದಿಂದ ಬಂದ ಇಂದಿರಾ ಗಾಂಧಿಯವರನ್ನು 77,000ಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿದ ಕ್ಷೇತ್ರ ನಮ್ಮದು.

ಹಾಗಾದರೆ ಈಗಿನ ಹೆಸರುಗಳನ್ನು ಹೇಗೆ ತೂಗಬೇಕು? ನಾಳೆಯೇ ಅಧ್ಯಕ್ಷ ಸ್ಥಾನದಲ್ಲಿ ಕೂರಬೇಕಾಗಿ ಬಂದರೆ ಈ ವ್ಯಕ್ತಿಗೆ ಆಡಳಿತ ನಡೆಸಿ ಗೊತ್ತೇ, ಮತ್ತು ಹ್ಯಾರಿಸ್ ಅವರಿಗೆ ಮತ ಹಾಕಿದವರು ಬಯಸಿದ ದಾರಿಯಲ್ಲೇ ನಡೆಸಬಲ್ಲರೇ ಎಂಬ ಪ್ರಶ್ನೆಗಳನ್ನು ಮೊದಲಿಟ್ಟು, ರಾಜ್ಯದ ಲೆಕ್ಕವನ್ನು ಕೊನೆಗೆ ಇಡಬೇಕೆಂದು ನನ್ನ ಅಭಿಪ್ರಾಯ.

ಶಪಿರೊ ಅವರ ಸಾಮರ್ಥ್ಯದ ಬಗ್ಗೆ ಅನುಮಾನ ಬೇಡ. ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು 2022ರಲ್ಲಿ ಸುಮಾರು 15 ಶೇಕಡಾಂಶದ ಅಂತರದಲ್ಲಿ ಗವರ್ನರ್ ಆಗಿ ಗೆದ್ದರು, ಅದೂ ಅಧ್ಯಕ್ಷೀಯ ಚುನಾವಣೆಯನ್ನು 2016ರಲ್ಲಿ ಸುಮಾರು 44,000 ಮತ, 2020ರಲ್ಲಿ ಸುಮಾರು 80,000 ಮತ ನಿರ್ಧರಿಸಿದ ರಾಜ್ಯದಲ್ಲಿ. ಕಳೆದ ವರ್ಷ ಜೂನ್‌ನಲ್ಲಿ ಫಿಲಡೆಲ್ಫಿಯಾ ಬಳಿ ಟ್ಯಾಂಕರ್‌ಗೆ ಬೆಂಕಿ ಹೊತ್ತಿ 95ನೇ ಅಂತರರಾಜ್ಯ ಹೆದ್ದಾರಿಯ ಸೇತುವೆ ಕುಸಿದಾಗ, ಕೆಳಗಿನ ಜಾಗವನ್ನು ತುಂಬಿಸಿ, ಮೇಲೆ ತಾತ್ಕಾಲಿಕ ಪಥಗಳನ್ನು ಹಾಸಿ, 12 ದಿನಗಳಲ್ಲಿ ವಾಹನ ಬಿಟ್ಟರು. ಈ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆ ಇಂದು ತೆರೆದೀತೇ ನಾಳೆ ತೆರೆದೀತೇ ಎಂದು ಕಾಯುತ್ತಿರುವ ನಮಗೆ ಆ ಹನ್ನೆರಡು ದಿನಗಳ ಬೆಲೆ ಗೊತ್ತು. ಆದರೆ ಅವರು ಗವರ್ನರ್ ಆಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಖಾಸಗಿ ಶಾಲೆಗಳಿಗೆ ಸಾರ್ವಜನಿಕ ಹಣದಿಂದ ವಿದ್ಯಾರ್ಥಿವೇತನ ಕೊಡುವ ವಿಚಾರದಲ್ಲಿ ಅವರ ನಿಲುವಿಗೂ ಪಕ್ಷವನ್ನು ಬೆಂಬಲಿಸುವ ಶಿಕ್ಷಕ ಸಂಘಟನೆಗಳ ನಿಲುವಿಗೂ ತಾಳೆಯಿಲ್ಲ. ಮುಂದಿನ ಅಧ್ಯಕ್ಷ ಸ್ಥಾನದ ಮೇಲೆ ಕಣ್ಣಿರುವ ವ್ಯಕ್ತಿ ಎಂಬ ಮಾತೂ ಇದೆ, ಆದರೆ ಅದನ್ನು ದೋಷವೆಂದು ಎಣಿಸಲಾರೆ. ಆ ಹುದ್ದೆಯ ಮೇಲೆ ಕಣ್ಣಿಲ್ಲದ ಗವರ್ನರ್ ಅಮೆರಿಕದಲ್ಲಿ ಸಿಗುವುದು ಕಷ್ಟ.

ಮಾರ್ಕ್ ಕೆಲ್ಲಿ ಅವರ ಬದುಕು ಎಲ್ಲರಿಗಿಂತ ಕಣ್ಣು ಕುಕ್ಕುವಂಥದ್ದು. ನೌಕಾಪಡೆಯ ಯುದ್ಧವಿಮಾನ ಚಾಲಕ, ನಾಲ್ಕು ಬಾರಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಗಗನಯಾತ್ರಿ, 2011ರಲ್ಲಿ ಗುಂಡೇಟಿಗೆ ಸಿಲುಕಿ ಬದುಕುಳಿದ ಸಂಸದೆ ಗ್ಯಾಬಿ ಗಿಫರ್ಡ್ಸ್ ಅವರ ಪತಿ. ಮೆಕ್ಸಿಕೊ ಗಡಿಯ ವಿಷಯದಲ್ಲಿ ಅವರ ಮಾತು ಹ್ಯಾರಿಸ್ ಅವರಿಗಿಂತ ಬಿಗಿ. ಮತದಾರರ ದೃಷ್ಟಿಯಿಂದ ಅದು ಲಾಭವಿರಬಹುದು. ಆದರೆ ಸರ್ಕಾರವೊಂದರ ಆಡಳಿತ ನಡೆಸಿದ ಅನುಭವ ಅವರಿಗಿಲ್ಲ. ಬೆಶಿಯರ್ ಅವರು, 2020ರಲ್ಲಿ ಟ್ರಂಪ್ ಸುಮಾರು 26 ಶೇಕಡಾಂಶದ ಅಂತರದಿಂದ ಗೆದ್ದ ರಾಜ್ಯದಲ್ಲಿ, ಎರಡು ಬಾರಿ ಗವರ್ನರ್ ಆಗಿ ಆಯ್ಕೆಯಾದವರು. 2021ರ ಸುಂಟರಗಾಳಿ, 2022ರ ಪ್ರವಾಹಗಳನ್ನು ಎದುರಿಸಿದವರು. ಇವರ ಆಡಳಿತ ಶಕ್ತಿಗೆ ನಮ್ಮ ಪತ್ರಿಕೆಗಳು ಒಂದು ಸಾಲನ್ನೂ ಕೊಟ್ಟಿಲ್ಲ, ಕೆಂಟಕಿಯ 8 ಮತ ಹೇಗೂ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ನನ್ನ ತಕ್ಕಡಿ ವಾಲುವುದು ವಾಲ್ಜ್ ಅವರ ಕಡೆಗೆ. ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಹೇಳಿ, ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಟ್ಟು, ನ್ಯಾಷನಲ್ ಗಾರ್ಡ್‌ನಲ್ಲಿ 24 ವರ್ಷ ಸೇವೆ ಸಲ್ಲಿಸಿದವರು. ಹನ್ನೆರಡು ವರ್ಷ ಪ್ರತಿನಿಧಿ ಸಭೆಯ ಸದಸ್ಯರಾಗಿ, 2019ರಿಂದ ಗವರ್ನರ್ ಆಗಿ ಶಾಸನ ಮತ್ತು ಆಡಳಿತ ಎರಡನ್ನೂ ಬಲ್ಲವರು. ರಾಜ್ಯದ ಎಲ್ಲ ಶಾಲಾ ಮಕ್ಕಳಿಗೆ, ತಂದೆತಾಯಿಯ ಆದಾಯ ನೋಡದೆ, ಉಚಿತ ಉಪಾಹಾರ ಮತ್ತು ಊಟ ಕೊಡುವ ಕಾನೂನಿಗೆ ಅವರು ಕಳೆದ ವರ್ಷ ಸಹಿ ಹಾಕಿದರು; ಬಿಸಿಯೂಟ ಕಂಡ ನಮಗೆ ಇದು ಸಾಮಾನ್ಯ ಸಂಗತಿ ಎನಿಸಿದರೂ ಅಮೆರಿಕದಲ್ಲಿ ಬೆರಳೆಣಿಕೆಯ ರಾಜ್ಯಗಳಲ್ಲಿ ಮಾತ್ರ ಆಗಿರುವ ಕೆಲಸ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಮಿನಿಯಾಪೊಲಿಸ್ ಹೊತ್ತಿ ಉರಿದಾಗ ನ್ಯಾಷನಲ್ ಗಾರ್ಡ್ ಪಡೆಯನ್ನು ಕರೆಸಲು ತಡ ಮಾಡಿದರೆಂಬ ಟೀಕೆ ಅವರ ಮೇಲಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಪ್ರಸ್ತಾಪದಲ್ಲಿರುವವರ ಪೈಕಿ ನೀತಿಯಲ್ಲಿ ಹ್ಯಾರಿಸ್ ಅವರಿಗೆ ಅತಿ ಹತ್ತಿರ ಇರುವವರು ಇವರೇ. 1976ರಿಂದ ತಪ್ಪದೆ ಡೆಮಾಕ್ರಟರಿಗೇ ಬರುತ್ತಿರುವ ಮಿನೆಸೋಟಾದ 10 ಮತಗಳಿಂದ ಹೊಸದಾಗಿ ಏನೂ ಸಿಗದು ಎಂಬ ಕಾರಣಕ್ಕೆ ಅವರನ್ನು ಬಹುಶಃ ಆರಿಸಲಿಕ್ಕಿಲ್ಲ. ಸಭೆಯನ್ನು ಪೆನ್ಸಿಲ್ವೇನಿಯಾದಲ್ಲೇ ಇಟ್ಟಿರುವುದನ್ನು ನೋಡಿದರೆ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಊಹಿಸಬಹುದು.

ಆಯ್ಕೆಯ ಪರಿಶೀಲನೆಯನ್ನು ಮಾಜಿ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಅವರ ನೇತೃತ್ವದ ವಕೀಲರ ತಂಡ ನಡೆಸುತ್ತಿದೆ. ಈ ಕಟ್ಟುನಿಟ್ಟಿನ ಹಿಂದೆ 1972ರ ನೆನಪಿದೆ. ಆ ವರ್ಷ ಜಾರ್ಜ್ ಮೆಕ್‌ಗವರ್ನ್ ಅವರು ತರಾತುರಿಯಲ್ಲಿ ಆರಿಸಿದ ಥಾಮಸ್ ಈಗಲ್ಟನ್ ಅವರು ಖಿನ್ನತೆಗೆ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದ ಸಂಗತಿ ಹೊರಬಂದು, 18 ದಿನಗಳಲ್ಲಿ ಹಿಂದೆ ಸರಿಯಬೇಕಾಯಿತು. (2000ದಲ್ಲಿ ಬುಷ್ ಅವರಿಗಾಗಿ ಹುಡುಕಾಟದ ಹೊಣೆ ಹೊತ್ತ ಡಿಕ್ ಚೇನಿ ಕೊನೆಗೆ ತಾವೇ ಅಭ್ಯರ್ಥಿಯಾದರು, ಹೋಲ್ಡರ್ ಅವರಿಂದ ಅಂಥ ಅಪಾಯವಿದ್ದಂತಿಲ್ಲ.) ತೆರಿಗೆ ಪತ್ರ, ಹಳೆಯ ಭಾಷಣ, ಆರೋಗ್ಯ ಎಲ್ಲವನ್ನೂ ಈ ತಂಡ ಜಾಲಾಡಬಲ್ಲದು. ಗೆದ್ದ ಮೇಲೆ ಅಧ್ಯಕ್ಷರು ಎರಡನೆಯವರನ್ನು ಕೋಣೆಯೊಳಕ್ಕೆ ಬಿಟ್ಟುಕೊಳ್ಳುವರೇ ಎಂಬುದು ಯಾವ ವಕೀಲರ ಕೈಯಲ್ಲೂ ಇಲ್ಲ. 1945ರಲ್ಲಿ 82 ದಿನ ಉಪಾಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಅವರಿಗೆ ಅಣುಬಾಂಬ್ ಯೋಜನೆಯ ವಿವರ ಗೊತ್ತಾದದ್ದು ರೂಸ್‌ವೆಲ್ಟ್ ತೀರಿಕೊಂಡು ತಾವು ಅಧ್ಯಕ್ಷರಾದ ಮೇಲೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬ್ ಹಿರೋಷಿಮಾದ ಮೇಲೆ ಬಿತ್ತು.

ಈ ತೂಕವನ್ನು ಎದುರು ಪಾಳೆಯಕ್ಕೂ ಹಚ್ಚಬೇಕು. ಡೊನಾಲ್ಡ್ ಟ್ರಂಪ್ ಅವರಿಗೆ ಈಗ 78 ವರ್ಷ; ಜುಲೈ 13ರಂದು ಗುಂಡೊಂದು ಅವರ ಕಿವಿಯನ್ನು ಸವರಿಕೊಂಡು ಹೋಗಿದೆ. ಎರಡು ದಿನಗಳ ನಂತರ ಅವರು ಆರಿಸಿದ ಜೆ.ಡಿ. ವ್ಯಾನ್ಸ್ 40ರ ಹರೆಯದವರು, ಸೆನೆಟ್ ಪ್ರವೇಶಿಸಿದ್ದು 2023ರ ಜನವರಿಯಲ್ಲಿ. ನೀತಿಯಲ್ಲಿ ಇಬ್ಬರೂ ಒಂದೇ ದಾರಿಯವರೆಂಬುದನ್ನು ಒಪ್ಪಿದರೂ, ಆಡಳಿತದ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಓಹಿಯೊ ಹೇಗೂ ರಿಪಬ್ಲಿಕನ್ನರದ್ದಾದ್ದರಿಂದ ವ್ಯಾನ್ಸ್ ಬಗ್ಗೆ ನಮ್ಮಲ್ಲಿ ಚರ್ಚೆ ಅವರ ಪತ್ನಿಯ ಆಂಧ್ರದ ಬೇರಿಗೆ ಬಂದು ನಿಂತುಬಿಟ್ಟಿದೆ, ಹ್ಯಾರಿಸ್ ಅವರ ಕುರಿತದ್ದು ಅವರ ತಾಯಿಯ ತಂದೆಯ ಊರಾದ ತಮಿಳುನಾಡಿನ ತುಲಸೇಂದ್ರಪುರಕ್ಕೆ ಬಂದು ನಿಂತಂತೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುತ್ತಿದ್ದಾರೆ, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಹೆಸರು ಪ್ರಕಟವಾದ ಮರುದಿನ ಆ ರಾಜ್ಯದ ನಕ್ಷೆ ಮತ್ತು ಮತಗಳ ಸಂಖ್ಯೆಯನ್ನು ಅಚ್ಚು ಹಾಕುವಷ್ಟೇ ಜಾಗದಲ್ಲಿ, ಆ ವ್ಯಕ್ತಿ ಈವರೆಗೆ ಯಾವ ಕಾನೂನುಗಳಿಗೆ ಸಹಿ ಹಾಕಿದ್ದಾರೆ, ಯಾವುದಕ್ಕೆ ವಿರುದ್ಧ ಮತ ಹಾಕಿದ್ದಾರೆ, ವಲಸೆ ಮತ್ತು ಆಮದು ಸುಂಕದ ಬಗ್ಗೆ ಏನು ಹೇಳಿದ್ದಾರೆ, ಅಧ್ಯಕ್ಷ ಅಭ್ಯರ್ಥಿಯೊಂದಿಗೆ ಎಲ್ಲೆಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನು ಕೊಡಿ. ವ್ಯಾನ್ಸ್ ಅವರ ಕುರಿತೂ ಇಂಥದೇ ಒಂದು ಪಟ್ಟಿ ಪಕ್ಕದಲ್ಲಿರಲಿ.

ಇತಿ,
ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ
ಬಸವನಹಳ್ಳಿ, ಚಿಕ್ಕಮಗಳೂರು
4 ಆಗಸ್ಟ್ 2024