‘ಆರಾಮ’ ಎಂಬ ಒಂದೇ ಅರ್ಥ ಸಾಲದು

ಮಾನ್ಯ ಸಂಪಾದಕರೇ,

ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಬರುವ ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯನ್ನು ಎಷ್ಟೋ ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ, ಬಾಯಿಪಾಠವನ್ನೂ ಮಾಡುತ್ತಾರೆ. ಅದಕ್ಕೇ ಈ ಪತ್ರ. ‘ಅಟ್ ಈಸ್’, ‘ಅಟ್ ಹೋಮ್’, ‘ಫೀಲ್ ಫ್ರೀ’, ‘ಟೇಕ್ ಇಟ್ ಈಸಿ’, ‘ಕಂಫರ್ಟಬಲ್’ ಎಲ್ಲವನ್ನೂ ಸಾಲಾಗಿ ಬರೆದು ಎದುರಿಗೆ ‘ಆರಾಮವಾಗಿರು’ ಎಂದು ಕೊಟ್ಟರೆ ಕಲಿಯುವವರಿಗೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು. ಕೊಟ್ಟ ಅರ್ಥ ಪೂರ್ತಿ ತಪ್ಪೇನಲ್ಲ. ಆದರೆ ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ, ವಾಕ್ಯದಲ್ಲಿ ಅದು ಹೇಗೆ ಕೂರುತ್ತದೆ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ.

ತೊಡಕು ಶುರುವಾಗುವುದು ನಮ್ಮ ವ್ಯಾಕರಣದಿಂದಲೇ. ಕನ್ನಡದಲ್ಲಿ ‘ನನಗೆ ಆರಾಮ ಅನಿಸ್ತು’, ‘ಅವಳಿಗೆ ನೆಮ್ಮದಿ ಆಯ್ತು’ ಅನ್ನುತ್ತೇವೆ. ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಲ್ಲುತ್ತಾರೆ, ನೆಮ್ಮದಿಯೇ ಕರ್ತೃ. ಇಂಗ್ಲಿಷಿನಲ್ಲಿ ಮನುಷ್ಯನೇ ಕರ್ತೃವಾಗಬೇಕು. ಈ ಬದಲಾವಣೆ ಅಭ್ಯಾಸವಾಗದ ಮಕ್ಕಳು ‘ಐ ಆಮ್ ಕಂಫರ್ಟ್’ ಎಂದೋ ‘ಐ ಗಾಟ್ ರಿಲ್ಯಾಕ್ಸ್’ ಎಂದೋ ಬರೆಯುತ್ತಾರೆ. ಕಂಫರ್ಟ್ ನಾಮಪದ, ಮನುಷ್ಯನನ್ನು ವರ್ಣಿಸಲು ಕಂಫರ್ಟಬಲ್ ಬೇಕು. ರಿಲ್ಯಾಕ್ಸ್ ಕ್ರಿಯಾಪದ, ಅದಕ್ಕೆ ‘ಗಾಟ್’ ಬೇಡ. ‘ಐ ರಿಲ್ಯಾಕ್ಸ್ಡ್’ ಎಂದರೆ ಮುಗಿಯಿತು. ‘ರಿಲ್ಯಾಕ್ಸ್ ಯುವರ್‌ಸೆಲ್ಫ್’ ಕೂಡ ಬೇಡ, ಬರೀ ‘ರಿಲ್ಯಾಕ್ಸ್’ ಸಾಕು. ರಿಲ್ಯಾಕ್ಸ್ಡ್ ಮತ್ತು ರಿಲ್ಯಾಕ್ಸಿಂಗ್ ಬೇರೆ ಬೇರೆ: ಸಂಗೀತ ರಿಲ್ಯಾಕ್ಸಿಂಗ್, ಕೇಳುವವರು ರಿಲ್ಯಾಕ್ಸ್ಡ್. ‘ನಾಳೆ ನಿಮಗೆ ಅನುಕೂಲವೇ’ ಎಂಬುದನ್ನು ‘ಆರ್ ಯು ಕನ್ವೀನಿಯೆಂಟ್ ಟುಮಾರೋ’ ಎನ್ನುವುದಕ್ಕೂ ಬೇರು ಇದೇ. ಇಲ್ಲಿ ಮಾತ್ರ ದಿಕ್ಕು ಉಲ್ಟಾ. ಕನ್ವೀನಿಯೆಂಟ್ ಆಗುವುದು ಸಮಯ, ಸ್ಥಳ, ವ್ಯವಸ್ಥೆ, ಮನುಷ್ಯ ಅಲ್ಲ. ‘ಈಸ್ ಟುಮಾರೋ ಕನ್ವೀನಿಯೆಂಟ್ ಫಾರ್ ಯು’ ಸರಿಯಾದ ವಾಕ್ಯ.

‘ಅಟ್ ಈಸ್’ ಎಂಬುದನ್ನು ಎನ್‌ಸಿಸಿ ಮಕ್ಕಳಿಗೆ ಕವಾಯತಿನ ಮೂಲಕವೇ ತಿಳಿಸಬಹುದು. ‘ಸಾವಧಾನ್’ ಆದಮೇಲೆ ‘ವಿಶ್ರಾಮ್’ ಎಂದು ಕೂಗುತ್ತಾರಲ್ಲ, ಅದೇ ‘ಸ್ಟ್ಯಾಂಡ್ ಅಟ್ ಈಸ್’. ಎಡಗಾಲು 12 ಇಂಚು ಪಕ್ಕಕ್ಕೆ, ಕೈ ಹಿಂದಕ್ಕೆ, ಆದರೂ ಅಲುಗಾಡುವ ಹಾಗಿಲ್ಲ, ಮಾತಿಲ್ಲ. ಮೈ ಸಡಿಲ ಬಿಡುವುದು ‘ಆರಾಮ್ ಸೇ’ ಎಂದಾಗ. ಅದು ‘ಸ್ಟ್ಯಾಂಡ್ ಈಸಿ’. ಕವಾಯತಿನಲ್ಲಿ ‘ಅಟ್ ಈಸ್’ ಎಂದರೆ ಪೂರ್ತಿ ವಿಶ್ರಾಂತಿಯಲ್ಲ, ಬಿಗಿ ಒಂದು ಹದಕ್ಕೆ ಇಳಿದ ಸ್ಥಿತಿ. ದಿನಬಳಕೆಯಲ್ಲಿ ಅದು ಮುಜುಗರ, ಅಳುಕು ಇಲ್ಲದ ಸ್ಥಿತಿ. ಸಂದರ್ಶನದ ಮೊದಲೆರಡು ನಿಮಿಷ ಊರು, ಪ್ರಯಾಣದ ಬಗ್ಗೆ ಕೇಳಿ ಅಭ್ಯರ್ಥಿಯ ಅಳುಕು ಕಳೆದರೆ ‘ಶಿ ಪುಟ್ ಹಿಮ್ ಅಟ್ ಈಸ್’. ಅಳುಕು ಹೋಗದೇ ಇದ್ದರೆ ‘ಹಿ ವಾಸ್ ಇಲ್ ಅಟ್ ಈಸ್’. ಇಲ್ಲಿ ‘ಇಲ್’ ನೋಡಿ ಕಾಯಿಲೆ ಎಂದುಕೊಳ್ಳುವವರೇ ಹೆಚ್ಚು. ಧಾರವಾಡದ ಕಡೆ ‘ಆರಾಮ ಇಲ್ರೀ’ ಎಂದರೆ ಜ್ವರವೋ ನೆಗಡಿಯೋ ಇದೆ ಅಂತಲೇ ಅರ್ಥ, ಹಾಗಾಗಿ ನಮ್ಮ ಮಕ್ಕಳಿಗೆ ಈ ಗೊಂದಲ ಇನ್ನೂ ಸುಲಭ.

‘ಮೇಕ್ ಯುವರ್‌ಸೆಲ್ಫ್ ಅಟ್ ಹೋಮ್’ ಮನೆಯವರು ಅತಿಥಿಗೆ ಹೇಳುವ ಮಾತು, ಅತಿಥಿ ತಿರುಗಿ ಹೇಳುವುದಲ್ಲ. ‘ಅಟ್ ಹೋಮ್’ಗೆ ಮನೆಯೇ ಬೇಕೆಂದಿಲ್ಲ, ‘ಶಿ ಈಸ್ ಅಟ್ ಹೋಮ್ ವಿತ್ ನಂಬರ್ಸ್’ ಎಂದರೆ ಲೆಕ್ಕ ಅವಳಿಗೆ ಸಲೀಸು. ಇನ್ನು ‘ಫ್ರೀ’. ‘ಅವರು ಎಲ್ಲರ ಜೊತೆ ತುಂಬಾ ಫ್ರೀ’ ಎಂದು ನಾವು ಮೆಚ್ಚಿ ಹೇಳುತ್ತೇವೆ. ಅದನ್ನೇ ಇಂಗ್ಲಿಷ್ ಮಾತೃಭಾಷೆಯವರ ಮುಂದೆ ಒಬ್ಬ ಹೆಣ್ಣುಮಗಳ ಬಗ್ಗೆ ಹೇಳಿದರೆ ಅವಳ ನಡತೆಯ ಮೇಲೆ ಆಡಿದ ಮಾತಾಗಿಬಿಡಬಹುದು. ‘ಶಿ ಈಸ್ ಈಸಿ’ ಎಂಬುದಂತೂ ಬೈಗುಳವೇ. ‘ಶಿ ಈಸ್ ಈಸಿ ಟು ಟಾಕ್ ಟು’ ಅಥವಾ ‘ಈಸಿಗೋಯಿಂಗ್’ ಎಂದರೆ ಮಾತ್ರ ಹೊಗಳಿಕೆ. ಎರಡರ ನಡುವೆ ಇರುವುದು ಕೆಲವೇ ಅಕ್ಷರ. ಪಟ್ಟಿಯಲ್ಲಿ ಈ ಎಚ್ಚರಿಕೆ ಇರಲೇಬೇಕು.

ಮೈಗೆ ಸಂಬಂಧಿಸಿದ ನುಡಿಗಟ್ಟುಗಳನ್ನು ಪದಶಃ ಕನ್ನಡಕ್ಕೆ ಇಳಿಸಿದರೆ ಭಾವವೇ ತಿರುಗಿಬೀಳುತ್ತದೆ. ‘ಪುಟ್ ಯುವರ್ ಫೀಟ್ ಅಪ್’ ದಣಿದವರಿಗೆ, ಬಸುರಿಗೆ, ನಿವೃತ್ತರಾದವರಿಗೆ ಪ್ರೀತಿಯಿಂದ ಹೇಳುವ ಮಾತು: ಕೆಲಸ ಬಿಡಿ, ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಿ ಅಂತ. ಹಿರಿಯರ ಮುಂದೆ ಕಾಲು ಚಾಚುವುದೇ ತಪ್ಪು ಎಂದು ಕಲಿತ ಹುಡುಗನಿಗೆ ಇದನ್ನು ವಿವರಿಸದೆ ಬಿಟ್ಟರೆ ಉದ್ಧಟತನದಂತೆ ಕೇಳುತ್ತದೆ. ‘ಲೆಟ್ ಯುವರ್ ಹೇರ್ ಡೌನ್’ ಇನ್ನೂ ದೂರ. ಯುರೋಪಿನ ಹೆಂಗಸರು ಹೊರಗೆ ಕೂದಲನ್ನು ಪಿನ್ನು ಹಾಕಿ ಎತ್ತಿ ಕಟ್ಟಿ, ಮನೆಯೊಳಗೆ ಬಿಚ್ಚುತ್ತಿದ್ದ ಕಾಲದ ಮಾತು ಅದು. ಶಿಷ್ಟಾಚಾರ ಬದಿಗಿಟ್ಟು ಖುಷಿಪಡು ಎಂಬ ಅರ್ಥ. ನಮ್ಮಲ್ಲಿ ಬಿಚ್ಚಿದ ಮುಡಿ ಎಂದರೆ ಮೊದಲು ನೆನಪಾಗುವವಳು ದ್ರೌಪದಿ, ಅವಳ ಸಿಟ್ಟು, ಭೀಮನ ಶಪಥ. ಮುಡಿಗಟ್ಟುವುದೇ ಇಲ್ಲಿ ನೆಮ್ಮದಿ! ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳು ನುಡಿಗಟ್ಟನ್ನು ಮರೆಯುವುದಿಲ್ಲ, ಪದಕ್ಕೆ ಪದ ಜೋಡಿಸುವ ಚಾಳಿಯನ್ನೂ ಬಿಡುತ್ತಾರೆ.

‘ಟೇಕ್ ಇಟ್ ಈಸಿ’ಯನ್ನು ನಾವು ‘ಹಗುರವಾಗಿ ತಗೋ’ ಎಂಬ ಅರ್ಥಕ್ಕೆ ಎಳೆದಿದ್ದೇವೆ. ‘ಪರೀಕ್ಷೆಯನ್ನು ಉಡಾಫೆ ಮಾಡಬೇಡ’ ಎನ್ನಲು ‘ಡೋಂಟ್ ಟೇಕ್ ಇಟ್ ಈಸಿ’ ಎಂದರೆ ವಿಶ್ರಾಂತಿ ತಗೋಬೇಡ ಎಂದಂತಾಗುತ್ತದೆ. ಬೇಕಾದದ್ದು ‘ಡೋಂಟ್ ಟೇಕ್ ಇಟ್ ಲೈಟ್ಲಿ’. ಸಿಟ್ಟಾದವರಿಗೆ ‘ಟೇಕ್ ಇಟ್ ಈಸಿ’, ‘ರಿಲ್ಯಾಕ್ಸ್’, ‘ಚಿಲ್’ ಎಂದರೆ ಸಿಟ್ಟು ಏರುವುದೇ ಹೆಚ್ಚು. ‘ಚಿಲ್’ ಗೆಳೆಯರ ನಡುವಿನ ಮಾತು, ಮೇಲಧಿಕಾರಿಗೆ ಹೇಳುವಂಥದ್ದಲ್ಲ.

ಉಚ್ಚಾರಣೆಗೂ ಒಂದು ಸಾಲು ಕೊಡಿ. ಕಂಫರ್ಟಬಲ್‌ನಲ್ಲಿ ‘ಟೇಬಲ್’ ಇಲ್ಲ. ಒತ್ತು ಮೊದಲ ಭಾಗದ ಮೇಲೆ, ಉಳಿದದ್ದು ‘ಕಮ್ಫ್‌ಟಬಲ್’ ಎಂದು ಮೂರೇ ತುಂಡಾಗಿ ಜಾರುತ್ತದೆ. ‘ಈಸ್’ ಪದದ ಕೊನೆಯ ಧ್ವನಿ ‘ಸ್’ ಅಲ್ಲ, ‘ಜ಼್’. ‘ಅನ್‌ವೈಂಡ್’ ಎಂಬುದನ್ನು ಗಾಳಿಯ ‘ವಿಂಡ್’ ಎಂದು ಓದುವವರಿದ್ದಾರೆ. ಸುತ್ತಿದ ದಾರವನ್ನು ಬಿಚ್ಚುವ ಕ್ರಿಯೆ ಅದು, ಭೂತಕಾಲದ ರೂಪ ‘ಅನ್‌ವೌಂಡ್’.

ಕಡೆಗೆ ಕಂಫರ್ಟಬಲ್. ಅತಿ ಹೆಚ್ಚು ಬಳಕೆಯಾಗುವ, ಅತಿ ಹೆಚ್ಚು ಹಾದಿ ತಪ್ಪಿಸುವ ಪದ ಇದೇ. ಬಟ್ಟೆಗಾದರೆ ‘ಕಂಫರ್ಟಬಲ್ ಇನ್ ದಿಸ್ ಶರ್ಟ್’, ವಿಷಯಕ್ಕಾದರೆ ‘ಕಂಫರ್ಟಬಲ್ ವಿತ್’, ಕೆಲಸಕ್ಕಾದರೆ ‘ಕಂಫರ್ಟಬಲ್ ಸ್ಪೀಕಿಂಗ್ ಇನ್ ಪಬ್ಲಿಕ್’. ಆಫೀಸಿನ ಸಭೆಯಲ್ಲಿ ವಿದೇಶಿ ಗ್ರಾಹಕರು ‘ಐ ಆಮ್ ನಾಟ್ ಕಂಫರ್ಟಬಲ್ ವಿತ್ ದಿಸ್ ಡೇಟ್’ ಎಂದರೆ ಸ್ವಲ್ಪ ಇರುಸುಮುರುಸು ಎಂದುಕೊಂಡು ಮುಂದೆ ಹೋಗಬಾರದು. ಅದು ಬಹುಪಾಲು ‘ಒಪ್ಪುವುದಿಲ್ಲ’ ಎಂಬುದರ ಸೌಜನ್ಯದ ರೂಪ. ಉತ್ತರ ಸಮಾಧಾನ ಹೇಳುವುದಲ್ಲ, ‘ವಾಟ್ ಡೇಟ್ ವುಡ್ ವರ್ಕ್ ಫಾರ್ ಯು’ ಎಂದು ಕೇಳುವುದು.

ಆಸ್ಪತ್ರೆಯಲ್ಲಿ ಇದೇ ಪದದ ತೂಕ ಬೇರೆ. ಹೊರದೇಶದಲ್ಲಿರುವ ಬಂಧುಗಳ ಬಗ್ಗೆ ಕನ್ನಡದ ಮನೆಗಳಿಗೆ ಫೋನಿನಲ್ಲಿ ಸುದ್ದಿ ಬರುವ ಈ ಕಾಲದಲ್ಲಿ ಇದನ್ನು ದೊಡ್ಡವರೂ ತಿಳಿದಿರಬೇಕು. ನರ್ಸ್ ‘ಹಿ ಈಸ್ ಕಂಫರ್ಟಬಲ್’ ಎಂದರೆ ಸದ್ಯಕ್ಕೆ ನೋವು ಹಿಡಿತದಲ್ಲಿದೆ ಎಂದಷ್ಟೇ. ಗುಣವಾಗುತ್ತಿದ್ದಾರೆ ಎಂಬ ಭರವಸೆ ಅದರಲ್ಲಿಲ್ಲ. ‘ವಿ ವಿಲ್ ಕೀಪ್ ಹಿಮ್ ಕಂಫರ್ಟಬಲ್’ ಎಂಬುದನ್ನು ಕಾಯಿಲೆ ವಾಸಿಯಾಗುವ ಹಂತ ದಾಟಿದಾಗಲೂ ಹೇಳುತ್ತಾರೆ. ಅಮೆರಿಕದ ಆಸ್ಪತ್ರೆಗಳಲ್ಲಿ ‘ಕಂಫರ್ಟ್ ಕೇರ್’ ಎಂದರೆ ಕಾಯಿಲೆ ಗುಣಪಡಿಸುವ ಚಿಕಿತ್ಸೆಯಲ್ಲ, ನೋವು, ಉಸಿರಾಟದ ಕಷ್ಟ, ಕಳವಳ ತಗ್ಗಿಸುವ ಆರೈಕೆ. ಇದನ್ನು ‘ಆರಾಮ ಅದಾರಂತ’ ಎಂದು ಮನೆಯವರಿಗೆ ದಾಟಿಸಿಬಿಟ್ಟರೆ, ಹೊರಡಬೇಕಾದವರು ಟಿಕೆಟ್ ಮಾಡಿಸದೆ ಕೂತುಬಿಡುತ್ತಾರೆ. ಆ ಪದ ಕಿವಿಗೆ ಬಿದ್ದ ಕೂಡಲೇ ಎರಡು ಪ್ರಶ್ನೆ ಕೇಳಬೇಕು: ‘ಈಸ್ ಹಿ ಗೆಟಿಂಗ್ ಬೆಟರ್?’ ಮತ್ತು ‘ಶುಡ್ ದ ಫ್ಯಾಮಿಲಿ ಕಮ್ ನೌ?’ ಮುಂದಿನ ವಾರದ ಅಂಕಣದಲ್ಲಿ ಬೇರೆ ಯಾವುದಕ್ಕೆ ಜಾಗ ಸಾಲದಿದ್ದರೂ ಈ ಎರಡು ವಾಕ್ಯಗಳನ್ನು ಅರ್ಥಸಹಿತ ಅಚ್ಚು ಮಾಡಿ ಎಂದು ಕೋರುತ್ತೇವೆ.

ಇಂತಿ,
ಇಂಗ್ಲಿಷ್ ಕಲಿಸುವ ಕೆಲವು ಶಿಕ್ಷಕರು
ಧಾರವಾಡ