ಇಲಿ ಹೋಯಿತು, ಬಿಲ ಉಳಿಯಿತು

ಮೈಸೂರು

ಚಿ. ಸೋಮುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ನಿನ್ನ ಹೆಂಡತಿ ಫೋನ್ ಮಾಡಿದ್ದಳು. ದೂರು ಹೇಳಲು ಅಲ್ಲ, ಕಬ್ಬಿನ ಬಾಕಿ ಬಂದದ್ದನ್ನು ತಿಳಿಸಲು. ಮಾತಿನ ನಡುವೆ, ನೀನು ಲಿವರ್ ಸ್ಕ್ಯಾನಿಂಗಿಗೆ ಹೋಗಿ ಒಂದೂವರೆ ವರ್ಷವಾಯಿತೆಂದು ಬಾಯಿ ತಪ್ಪಿ ಹೇಳಿಬಿಟ್ಟಳು. ಅವಳನ್ನು ಗದರಿಸಬೇಡ.

ಲಿವರಿಗೆ ತಗಲಿದ್ದ ನಿನ್ನ ಹೆಪಟೈಟಿಸ್ ಸಿ ವೈರಸ್ ಸೋಂಕು ವಾಸಿಯಾದಾಗ ನನಗೂ ನಿನ್ನಷ್ಟೇ ಸಂತೋಷವಾಗಿತ್ತು. ಹನ್ನೆರಡು ವಾರ ಮಾತ್ರೆ, ಮತ್ತೆ ಹನ್ನೆರಡು ವಾರದ ಕಾಯುವಿಕೆ, ಆಮೇಲೆ ರಕ್ತದಲ್ಲಿ ವೈರಸ್ ಇಲ್ಲವೆಂಬ ವರದಿ. ಗಂಜಾಂ ನಿಮಿಷಾಂಬೆಯ ಹರಕೆ ತೀರಿಸಿ, ಇನ್ನೊಂದು ದಿನ ತೋಟದಲ್ಲಿ ಬಾಡೂಟ ಹಾಕಿಸಿದೆ. ನಾನೂ ಒಂದು ಮುದ್ದೆ ಹೆಚ್ಚಾಗಿಯೇ ತಿಂದೆ. ಊಟದ್ದೇನೂ ತಪ್ಪಿಲ್ಲ. ಅಂದೇ ಆಸ್ಪತ್ರೆಯ ಫೈಲನ್ನು ಬೀರುವಿನ ಮೇಲೆ ಎಸೆದೆಯಲ್ಲ, ತಪ್ಪಿರುವುದು ಅಲ್ಲಿ.

1998ರಲ್ಲಿ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದಾಗ ನಿನಗೆ ಎರಡು ಬಾಟಲಿ ರಕ್ತ ಹಾಕಿಸಿದ್ದೆವು. ದಾನಿಗಳ ರಕ್ತದಲ್ಲಿ ಈ ವೈರಸ್ಸನ್ನು ಹುಡುಕುವುದು ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಅದು ಆ ಬಾಟಲಿಯಲ್ಲೇ ಬಂತೋ, ಇನ್ನಾವುದೋ ಸೂಜಿಯಿಂದ ಬಂತೋ, ಈಗ ಕೆದಕಿ ಫಲವಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸದ್ದಿಲ್ಲದೆ ಲಿವರನ್ನು ಕೊರೆಯಿತು. ಗಾಯವಾದಲ್ಲಿ ಕಲೆ, ಕಲೆಯ ಮೇಲೆ ಕಲೆ, ಕೊನೆಗೆ ಗಟ್ಟಿಯಾಗಿ ಗಂಟುಗಂಟು. ಅದನ್ನೇ ಸಿರೋಸಿಸ್ ಎಂದು ವೈದ್ಯರು ಬರೆದದ್ದು. ನೀನು ಗದ್ದೆ ಮಾಡುವವನು, ನೀನೇ ಹೇಳು: ಬದುವಿನ ಇಲಿಯನ್ನು ಹಿಡಿದ ದಿನವೇ ಬಿಲವೂ ಮುಚ್ಚಿಕೊಳ್ಳುತ್ತದೆಯೇ? ನಾಲೆ ನೀರು ಬಿಟ್ಟ ರಾತ್ರಿ ಬದು ಒಡೆಯುವುದು ಎಲ್ಲಿ?

ವೈರಸ್ ಹೋದ ಮೇಲೆ ಲಿವರ್ ಕ್ಯಾನ್ಸರಿನ ಭಯ ಮೊದಲಿದ್ದುದರ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಲಾಭವಲ್ಲ. ಆದರೆ ಸಿರೋಸಿಸ್ ಆದವರಲ್ಲಿ ಆ ಪಾಲು ವರ್ಷಗಳು ಕಳೆದರೂ ಪೂರ್ತಿ ಅಳಿಯುವುದಿಲ್ಲ. ನಿನ್ನ ಜೊತೆ ಮಾತ್ರೆ ತಿಂದ ಮದ್ದೂರಿನವನಿಗೆ ಸ್ಕ್ಯಾನಿಂಗ್ ಬೇಡವೆಂದರಂತೆ, ಅದನ್ನೇ ನೆಪ ಮಾಡಿಕೊಂಡಿದ್ದೀಯ. ಅವನ ಲಿವರ್ ಗಟ್ಟಿಯಾಗುವ ಮೊದಲೇ ಔಷಧಿ ಸಿಕ್ಕಿತು, ಅವನಿಗೆ ಹೇಳಿದ್ದು ಅವನಿಗೆ ಸರಿ. ನಿನಗೆ ಆರು ತಿಂಗಳಿಗೊಮ್ಮೆ ಎಂದದ್ದು ನಿನಗೆ ಸರಿ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಮಾಡಿದ್ದೇನು? ನನ್ನದು ಹೆಪಟೈಟಿಸ್ ಬಿ ಎಂದು ನಿನಗೆ ಗೊತ್ತು. ಅದು ಜೀವಕೋಶದ ಒಳಗೇ ಬೀಡುಬಿಟ್ಟಿರುತ್ತದೆ. ಟೆನೊಫೊವಿರ್ ಎಂಬ ನನ್ನ ಮಾತ್ರೆ ಅದನ್ನು ಅದುಮಿಡುತ್ತದೆ, ಓಡಿಸುವುದಿಲ್ಲ. ದಿನಕ್ಕೊಂದು ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೆ, ಅದೇ ಧೈರ್ಯದಲ್ಲಿ ಎರಡು ಸ್ಕ್ಯಾನಿಂಗ್ ತಪ್ಪಿಸಿದೆ. ಮೂರನೆಯದಕ್ಕೆ ನಿನ್ನ ದೊಡ್ಡಮ್ಮ ಎಳೆದುಕೊಂಡು ಹೋದಳು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ, ಉಸಿರು ಎಳೆದು ಹಿಡಿಯಿರಿ, ಬಿಡಿ, ಹಿಡಿಯಿರಿ ಎನ್ನುತ್ತಿದ್ದ ಆ ಡಾಕ್ಟರ್ ಹುಡುಗಿ ಒಂದು ಕಡೆ ಸುಮ್ಮನಾದಳು. ಪಕ್ಕೆಲುಬಿನ ಕೆಳಗೆ ಅದೇ ಜಾಗವನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. ಬಿಡಿ ಎನ್ನುವುದನ್ನೇ ಮರೆತಳು. ನಾನು ಉಸಿರು ಹಿಡಿದುಕೊಂಡೇ ಮಲಗಿದ್ದೆ.

ಎರಡು ಸೆಂಟಿಮೀಟರ್ ಗೆಡ್ಡೆ. ನೋವಿಲ್ಲ, ಜ್ವರವಿಲ್ಲ, ಹಸಿವೂ ಕಟ್ಟಿರಲಿಲ್ಲ. ಲಿವರ್ ಕ್ಯಾನ್ಸರಿನ ಸುಳಿವಿಗೆಂದು ಮಾಡುವ ರಕ್ತದ ಎಎಫ್‌ಪಿ ಪರೀಕ್ಷೆ ಕೂಡ ಸರಿಯಾಗಿಯೇ ಇತ್ತು. ಆದ್ದರಿಂದ ರಕ್ತ ಮಾತ್ರ ಕೊಟ್ಟು ಬರುತ್ತೇನೆ ಎನ್ನಬೇಡ. ಚಿಕ್ಕದಿದ್ದುದರಿಂದ ಸೂಜಿ ಚುಚ್ಚಿ ಸುಟ್ಟರು, ಮೂರನೆಯ ದಿನ ಮನೆಗೆ ಬಂದೆ. ದೊಡ್ಡದಾಗಿದ್ದರೆ ಅಥವಾ ರಕ್ತನಾಳಕ್ಕೆ ಹಬ್ಬಿದ್ದರೆ ಈ ದಾರಿ ಇರುತ್ತಿರಲಿಲ್ಲ. ಹೊಟ್ಟೆನೋವಿಗೆಂದು ಊರಲ್ಲಿ ಹೇಳಿದೆವು. ನಿನಗೂ ಹಾಗೆಯೇ ಹೇಳಿದ್ದೆ, ಅದು ನನ್ನ ತಪ್ಪು.

ಹಬ್ಬಕ್ಕೊಂದೇ ಪೆಗ್ ಎಂಬ ಲೆಕ್ಕ ನನ್ನ ಬಳಿ ಬೇಡ, ಗಟ್ಟಿಯಾದ ಲಿವರಿಗೆ ಹಬ್ಬ ಹರಿದಿನ ತಿಳಿಯದು. ಸಕ್ಕರೆ ಕಾಯಿಲೆಯನ್ನೂ ಹತೋಟಿಯಲ್ಲಿಡು. ಕಾಫಿ ಕುಡಿ, ಅದು ಲಿವರಿಗೆ ಒಳ್ಳೆಯದೇ ಎನ್ನುತ್ತಾರೆ. ನಿನ್ನ ಮನೆಯ ಕಾಫಿಯಲ್ಲಿ ಬೆಲ್ಲ ಕಡಿಮೆಯಾದರೆ ನನಗೂ ಕುಡಿಯಲು ಆದೀತು. ಇನ್ನೊಂದು: ವೈರಸ್ಸಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಆ್ಯಂಟಿಬಾಡಿ ಪರೀಕ್ಷೆ ಮಾಡಿದರೆ ಜೀವನಪೂರ್ತಿ ಪಾಸಿಟಿವ್ ಎಂದೇ ಬರಬಹುದು, ಗಾಬರಿಯಾಗಬೇಡ, ಅದು ಹಳೆಯ ಗುರುತು. ಆದರೆ ಹೊಸದಾಗಿ ಸೋಂಕು ತಗಲುವುದನ್ನು ಅದು ತಡೆಯುವುದಿಲ್ಲ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಹಾಕಿಸು.

ಮಂಗಳವಾರ ಬೆಳಿಗ್ಗೆ ನಿನ್ನ ಹೆಸರು ಬರೆಸಿದ್ದೇನೆ, ನನ್ನದೂ ಅಂದೇ ಇದೆ. ಮಂಡ್ಯದಿಂದ ಮೊದಲ ರೈಲಿಗೆ ಬಾ. ಏನೂ ತಿನ್ನಬೇಡ, ಕಾಫಿಯೂ ಬೇಡ. ಫೈಲನ್ನು ಬೀರುವಿನ ಮೇಲಿಂದ ಇಳಿಸಿ ಧೂಳು ಒರೆಸಿ ತಾ. ನಿನ್ನ ದೊಡ್ಡಮ್ಮ ಇಡ್ಲಿ ಕಟ್ಟಿಕೊಡುತ್ತಾಳೆ, ಇಬ್ಬರದೂ ಮುಗಿದ ಮೇಲೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ತಿನ್ನೋಣ.

ಇಂತಿ,
ನಿನ್ನ ದೊಡ್ಡಪ್ಪ