ಬೇಂದ್ರೆಯವರಿಗೆ ಜ್ಞಾನಪೀಠ ಯಾವ ವರ್ಷ ಬಂತು?

ಪ್ರಿಯ ಗೆಳೆಯ,

ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ವಿಕಿಡೇಟಾ ಎಂಬ ಮುಕ್ತ ಮಾಹಿತಿ ಭಂಡಾರದಿಂದ ಉತ್ತರ ಹುಡುಕಿಕೊಡುವ ಪ್ರೋಗ್ರಾಮ್ ಬರೆಯಲು ಹೊರಟಿದ್ದೀಯಲ್ಲ, ನೂರು ಪ್ರಶ್ನೆ ಗುಡ್ಡೆ ಹಾಕಿಕೊಳ್ಳಬೇಡ. ಮೇಲಿನ ಒಂದನ್ನೇ ಹಿಡಿದು ಕೂರು.

‘ಬೇಂದ್ರೆಯವರಿಗೆ’ ಎಂಬ ರೂಪ ಡೇಟಾದಲ್ಲಿ ಇರುವುದಿಲ್ಲ. ‘ಇಗೆ’ ತೆಗಿ, ‘ಅವರು’ ತೆಗಿ, ನಡುವೆ ಬಂದ ಯಕಾರ ಬಿಡಿಸು. ಬರೀ ಬಾಲ ಕತ್ತರಿಸಿದರೆ ಸಾಲದು: ‘ಮೈಸೂರಿನಲ್ಲಿ’ಯಿಂದ ‘ಇನಲ್ಲಿ’ ಹೋದರೆ ‘ಮೈಸೂರ್’ ಉಳಿಯುತ್ತದೆ, ಉಕಾರವನ್ನು ನೀನೇ ಮರಳಿ ಸೇರಿಸಬೇಕು. ಇನ್ನೊಂದು ಕಣ್ಣಿಗೆ ಕಾಣದ ತೊಡಕು. ‘ಬೇ’ಯ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ‘ೆ’ ಮತ್ತು ದೀರ್ಘ ‘ೕ’ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ ಬೇರೆ. ಪ್ರಶ್ನೆಯನ್ನೂ ಹೆಸರಿನ ಪಟ್ಟಿಯನ್ನೂ ಮೊದಲೇ ಎನ್‌ಎಫ್‌ಸಿಗೆ, ಅಂದರೆ ಇಂಥ ಎರಡು ಬರಹವನ್ನೂ ಒಂದೇ ಮಾಡುವ ಯೂನಿಕೋಡ್ ರೂಪಕ್ಕೆ, ತಂದುಬಿಡು. ಅಕ್ಷರಗಳ ನಡುವಿನ ಶೂನ್ಯ ಅಗಲದ ಗುರುತುಗಳು ಅದರಿಂದ ಹೋಗುವುದಿಲ್ಲ, ಅವನ್ನು ಹೋಲಿಸುವಾಗ ಪ್ರತ್ಯೇಕವಾಗಿ ಅಳಿಸು. ‘ಅಂಬಿಕಾತನಯದತ್ತ’ ಎಂದು ಕೇಳಿದರೂ ಅದೇ ವ್ಯಕ್ತಿ ಸಿಗಬೇಕು, ಹಾಗಾಗಿ ಪರ್ಯಾಯ ಹೆಸರುಗಳಲ್ಲೂ ಹುಡುಕು.

ವ್ಯಕ್ತಿಯ ಕ್ಯೂ ಸಂಖ್ಯೆಯನ್ನು, ಅಂದರೆ ವಿಕಿಡೇಟಾ ಕೊಟ್ಟ ಗುರುತು ಸಂಖ್ಯೆಯನ್ನು, ಎಐ ಭಾಷಾ ಮಾದರಿಯ ಬಾಯಿಂದ ಹೇಳಿಸಬೇಡ. ಅದು ನಂಬುವ ಹಾಗೆಯೇ ತಪ್ಪು ಸಂಖ್ಯೆ ಕೊಡುತ್ತದೆ, ಕ್ವೆರಿಯೂ (ಡೇಟಾಗೆ ಕೇಳುವ ಸ್ಪಾರ್ಕಲ್ ಪ್ರಶ್ನೆ) ತಕರಾರಿಲ್ಲದೆ ಓಡುತ್ತದೆ. ಸಂಖ್ಯೆ ಹುಡುಕಾಟದಿಂದ ಬರಲಿ, ಮಾದರಿ ಕ್ವೆರಿಯ ಆಕಾರವನ್ನಷ್ಟೇ ಕಟ್ಟಲಿ.

ವಿಕಿಡೇಟಾದಲ್ಲಿ ಪ್ರತಿ ಗುಣಕ್ಕೂ ಒಂದು ಪಿ ಸಂಖ್ಯೆ ಇದೆ, ಪಡೆದ ಪ್ರಶಸ್ತಿಯ ಗುಣ ಪಿ166. ಅದನ್ನು ನೇರ ಮೌಲ್ಯವನ್ನಷ್ಟೇ ಕೊಡುವ ‘ಡಬ್ಲ್ಯುಡಿಟಿ’ ಎಂಬ ಪೂರ್ವಪ್ರತ್ಯಯದ ದಾರಿಯಲ್ಲಿ ಕೇಳಿದರೆ ಪ್ರಶಸ್ತಿ ಮಾತ್ರ ಬರುತ್ತದೆ, ವರ್ಷ ಬರುವುದಿಲ್ಲ. ವರ್ಷ ಇರುವುದು ಆ ಹೇಳಿಕೆಗೆ ಅಂಟಿದ ಪಿ585 ಎಂಬ ಕಾಲದ ಗುಣದಲ್ಲಿ. ಆದ್ದರಿಂದ ‘ಪಿ’ ಎಂಬ ಪೂರ್ವಪ್ರತ್ಯಯದಿಂದ ಹೇಳಿಕೆಗೆ ಹೋಗಿ, ‘ಪಿಎಸ್’ನಿಂದ ಪ್ರಶಸ್ತಿಯನ್ನೂ ‘ಪಿಕ್ಯೂ’ನಿಂದ ವರ್ಷವನ್ನೂ ತೆಗೆದುಕೋ. ವರ್ಷದ ಸಾಲನ್ನು ಆಪ್ಷನಲ್ ಒಳಗಿಡು, ಇಲ್ಲವಾದರೆ ವರ್ಷ ತುಂಬದ ಹೇಳಿಕೆ ಪೂರ್ತಿಯಾಗಿ ಬಿದ್ದುಹೋಗುತ್ತದೆ. ಉತ್ತರ 1973ರ ಜನವರಿ 1 ಎಂಬ ರೂಪದಲ್ಲಿ ಬಂದರೆ ಹಾಗೇ ತೋರಿಸಬೇಡ. ನಿಖರತೆ 9 ಎಂದಿದ್ದರೆ ವರ್ಷ ಮಾತ್ರ ಗೊತ್ತು ಎಂದರ್ಥ.

ಪ್ರಶ್ನೆಯನ್ನು ತಿರುಗಿಸಿ ನೋಡು: 1973ರ ಜ್ಞಾನಪೀಠ ಯಾರಿಗೆ? ಇಬ್ಬರು, ಬೇಂದ್ರೆ ಮತ್ತು ಒಡಿಯಾದ ಗೋಪಿನಾಥ ಮೊಹಾಂತಿ. ಮೊದಲ ಸಾಲಷ್ಟನ್ನೇ ತೆಗೆದುಕೊಳ್ಳುವ ಕೋಡ್ ಒಬ್ಬರನ್ನು ನುಂಗಿಬಿಡುತ್ತದೆ.

ಆಮೇಲೆ ‘ಕನ್ನಡಕ್ಕೆ ಎಷ್ಟು ಜ್ಞಾನಪೀಠ?’ ಕೇಳು. ಇದು ಒಳ್ಳೆಯ ಒರೆಗಲ್ಲು, ಉತ್ತರ 8 ಎಂದು ಎಲ್ಲರಿಗೂ ಗೊತ್ತು. ‘ಕನ್ನಡಕ್ಕೆ’ ಎಂಬುದನ್ನು ಮಾತೃಭಾಷೆ ಎಂದು ಹಿಡಿದರೆ ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯೂ ತಮಿಳಾಗಿದ್ದ ಮಾಸ್ತಿಯೂ ಹೊರಗುಳಿಯುತ್ತಾರೆ. ಬರೆಯುವ ಭಾಷೆ, ಪಿ6886 ನೋಡು. ಅದು ತುಂಬಿರದ ಲೇಖಕರಿಗೆ ಪಿ1412 ಬಳಸಬಹುದು. ಆದರೆ ಅದರಲ್ಲಿ ಆಡುವ ಭಾಷೆಗಳೂ ಸೇರಿರುವುದರಿಂದ ಹೆಚ್ಚುವರಿ ಹೆಸರು ನುಸುಳುತ್ತದೆ, ಕೈಯಾರೆ ಪರಿಶೀಲಿಸು.

ಏನೂ ಸಿಗದಿದ್ದಾಗ ‘ಬಂದಿಲ್ಲ’ ಎನ್ನಬೇಡ, ‘ದಾಖಲೆಯಲ್ಲಿ ಸಿಗಲಿಲ್ಲ’ ಎನ್ನು. 60 ಸೆಕೆಂಡಿಗೆ ಸರ್ವರ್ ಕ್ವೆರಿಯನ್ನು ನಿಲ್ಲಿಸುತ್ತದೆ, ಅದಕ್ಕೂ ಬೇರೆಯೇ ಸಂದೇಶ ಇರಲಿ.

ನಿನ್ನ ಗೆಳೆಯ